ಲೋಳೆಸರದ ಹಸಿ ಎಲೆ: ಕೊಯ್ದ ಮೇಲೆ ಹೇಗೆ ಇಡಬೇಕು, ಯಾವುದಕ್ಕೆ ಬಳಸಬೇಕು, ಯಾರಿಗೆ ಬೇಡ

ತಮಿಳುನಾಡಿನ ಸೇಲಂ ಜಿಲ್ಲೆಯ ತಾರಮಂಗಲಂ ಕಡೆ ಹೋದವರು ಒಂದು ಸಂಗತಿ ಗಮನಿಸಿರಬಹುದು. ಅಂಗಡಿಯ ಬಾಗಿಲಲ್ಲಿ, ಮನೆಯ ಹೊಸ್ತಿಲ ಮೇಲ್ಗಡೆ ಬೇರು ಸಮೇತ ಕಿತ್ತ ಲೋಳೆಸರದ ಗಿಡವನ್ನು ಹಗ್ಗದಲ್ಲಿ ತಲೆಕೆಳಗಾಗಿ ಕಟ್ಟಿರುತ್ತಾರೆ. ತಮಿಳುನಾಡಿನ ಎಷ್ಟೋ ಊರುಗಳಲ್ಲಿ ಇದು ಸಾಮಾನ್ಯ. ದೃಷ್ಟಿ ತಾಗದಿರಲಿ ಎಂಬ ನಂಬಿಕೆ ಅವರದು, ಆ ವಿಷಯ ಇಲ್ಲಿ ಬೇಡ. ಗಿಡವನ್ನು ಮಾತ್ರ ನೋಡಿ. ಮಣ್ಣಿಲ್ಲ, ನೀರು ಹಾಕುವವರಿಲ್ಲ, ಆದರೂ ತಿಂಗಳುಗಟ್ಟಲೆ ಹಸಿರಾಗಿಯೇ ತೂಗುತ್ತಿರುತ್ತದೆ.

ಅದೇ ಲೋಳೆಸರದ ಎಲೆಯೊಂದನ್ನು ನಮ್ಮ ಕರಾವಳಿಯ ಅಡುಗೆಮನೆಯಲ್ಲಿ ಆಟಿ ತಿಂಗಳಲ್ಲಿ ಇಟ್ಟು ನೋಡಿ. ಮೂರ್ನಾಲ್ಕು ದಿನಕ್ಕೆ ಕತ್ತರಿಸಿದ ಕಡೆ ಕಂದು ಬಣ್ಣಕ್ಕೆ ತಿರುಗಿ, ಮೆತ್ತಗಾಗಿ, ವಾಸನೆ ಶುರುವಾಗುತ್ತದೆ. ಗಿಡ ಒಂದೇ, ಫಲಿತಾಂಶ ಬೇರೆ. ಯಾಕೆ ಅಂತ ಗೊತ್ತಾದರೆ ಎಲೆಯನ್ನು ಇಡುವ ಕ್ರಮದ ಅರ್ಧ ಭಾಗ ತಾನಾಗಿಯೇ ತಿಳಿಯುತ್ತದೆ.

ಮೊದಲ ಕಾರಣ, ಬಾಗಿಲಲ್ಲಿ ತೂಗುವುದು ಇಡೀ ಗಿಡ. ಅದರ ಎಲೆಗೆ ಚೂರಿ ತಾಗಿಲ್ಲ. ಲೋಳೆಸರದ ಸಿಪ್ಪೆಯ ಮೇಲೆ ಮೇಣದಂಥ ಪದರ ಇರುತ್ತದೆ. ಉಸಿರಾಡುವ ಸೂಕ್ಷ್ಮ ರಂಧ್ರಗಳನ್ನು ಅದು ಹಗಲಿನ ಬಿಸಿಲಲ್ಲಿ ಮುಚ್ಚಿಕೊಂಡು ರಾತ್ರಿ ತಂಪಿನಲ್ಲಿ ತೆರೆಯುತ್ತದೆ. ಒಳಗಿನ ತಿರುಳಿನಲ್ಲಿ ನೂರಕ್ಕೆ 98-99 ಪಾಲು ನೀರೇ ಇದ್ದರೂ ಅದು ಸುಲಭಕ್ಕೆ ಹೊರಗೆ ಹೋಗುವುದಿಲ್ಲ. ಎಲೆ ಕತ್ತರಿಸಿದ ಕ್ಷಣ ಈ ಮುಚ್ಚಳ ತೆರೆದ ಹಾಗೆ. ಎರಡನೆಯ ಕಾರಣ ಗಾಳಿ. ಸೇಲಂ, ಧರ್ಮಪುರಿ ಒಣ ಸೀಮೆ. ವರ್ಷಕ್ಕೆ ಬೀಳುವ ಮಳೆ ಹೆಚ್ಚುಕಡಿಮೆ ಒಂದು ಸಾವಿರ ಮಿ.ಮೀ. ಒಳಗೆ. ದಕ್ಷಿಣ ಕನ್ನಡದಲ್ಲಿ ಅದು ಮೂರೂವರೆ ಸಾವಿರ ದಾಟುತ್ತದೆ. ಒಣಗಾಳಿಯಲ್ಲಿ ಗಾಯ ಬೇಗ ಒಣಗಿ ಮುಚ್ಚಿಕೊಳ್ಳುತ್ತದೆ, ನಮ್ಮ ತೇವದ ಗಾಳಿಯಲ್ಲಿ ಅದೇ ಗಾಯದ ಮೇಲೆ ಬೂಷ್ಟು ಹಿಡಿಯುತ್ತದೆ. ಹಾಗಾಗಿ ತಮಿಳು ಯೂಟ್ಯೂಬ್ ವಿಡಿಯೋದಲ್ಲಿ ‘ಹೊರಗೆ ಇಟ್ಟರೂ ಏನೂ ಆಗಲ್ಲ’ ಅಂದದ್ದನ್ನು ಕೇಳಿ ಉಳ್ಳಾಲದಲ್ಲೋ ಬಂಟ್ವಾಳದಲ್ಲೋ ಹಾಗೇ ಮಾಡಿದರೆ ಕೆಲಸ ಕೆಡುತ್ತದೆ.

ಹೆಸರಿನಲ್ಲೇ ಒಂದು ಎಡವಟ್ಟು

ಮಂಗಳೂರಿನಿಂದ ಚೆನ್ನೈಗೆ ರೈಲಲ್ಲಿ ಹೋಗುವ ನಮ್ಮವರಿಗೆ ಸೇಲಂ ಅಂದರೆ ರಾತ್ರಿ ನಿದ್ದೆಯಲ್ಲಿ ದಾಟಿಹೋಗುವ ಒಂದು ಸ್ಟೇಷನ್, ಅಷ್ಟೆ. ಆದರೆ ಆ ಭಾಗದ ದೇವಾಂಗ ನೇಕಾರರ ಮನೆಗಳಲ್ಲಿ ಇವತ್ತಿಗೂ ಕನ್ನಡ ಮಾತು ಉಳಿದಿದೆ. ಹೊರಗೆ ತಮಿಳು, ಮನೆಯೊಳಗೆ ಕನ್ನಡ. ಹೀಗೆ ಎರಡು ಭಾಷೆ ಬೆರೆಯುವ ಕಡೆ ಈ ಗಿಡದ ಹೆಸರು ಸ್ವಲ್ಪ ಅಪಾಯಕಾರಿ.

ತಮಿಳಿನಲ್ಲಿ ಲೋಳೆಸರಕ್ಕೆ ‘ಸೋತ್ತು ಕತ್ತಾಳೈ’ ಎನ್ನುತ್ತಾರೆ. ಸೋರು ಅಂದರೆ ಅನ್ನ, ಒಳಗೆ ಅನ್ನದ ಹಾಗೆ ತಿರುಳಿರುವ ಕತ್ತಾಳೈ ಎಂದರ್ಥ. ಮಾತಿನಲ್ಲಿ ಬರೀ ‘ಕತ್ತಾಳೈ’ ಎಂದೇ ಹೇಳುವುದು ಹೆಚ್ಚು. ಕನ್ನಡದಲ್ಲಿ ‘ಕತ್ತಾಳೆ’ ಅಂದರೆ ಬೇರೆಯೇ ಗಿಡ: ಹೊಲದ ಬೇಲಿಗೆ, ರೈಲು ಹಳಿಯ ಬದಿಗೆ ಬೆಳೆಸುವ, ನಾರು ತೆಗೆದು ಹಗ್ಗ ಹೊಸೆಯುವ ಗಿಡ. ಅದರ ರಸ ಚರ್ಮಕ್ಕೆ ತಾಗಿದರೆ ಉರಿ, ತುರಿಕೆ, ಕೆಲವರಿಗೆ ಗುಳ್ಳೆಯೂ ಏಳುತ್ತದೆ. ತಮಿಳು ವಿಡಿಯೋ ನೋಡಿ ‘ಕತ್ತಾಳೆ’ ಎಂದು ಬರೆದುಕೊಂಡು ಬೇಲಿಯ ಎಲೆ ಕೊಯ್ದು ಮುಖಕ್ಕೆ ಹಚ್ಚಿದರೆ ಏನಾಗಬಹುದು ಯೋಚಿಸಿ.

ಗುರುತು ಹಿಡಿಯುವುದು ಕಷ್ಟವಲ್ಲ. ಲೋಳೆಸರದ ಅಂಚಿನ ಮುಳ್ಳು ಚಿಕ್ಕದು, ಮೆದು, ಬೆರಳಾಡಿಸಬಹುದು. ಎಲೆ ಮುರಿದರೆ ಗಾಜಿನಂತೆ ತಿಳಿಯಾದ ಲೋಳೆ ಕಾಣುತ್ತದೆ, ನಾರು ಇರುವುದಿಲ್ಲ. ಕತ್ತಾಳೆಯ ಎಲೆ ಗಟ್ಟಿ, ತುದಿಯಲ್ಲಿ ಸೂಜಿಯಂಥ ಮುಳ್ಳು, ಮುರಿಯಹೋದರೆ ನಾರು ಎಳೆಎಳೆಯಾಗಿ ಬರುತ್ತದೆ. ಇನ್ನು ನರ್ಸರಿಯಲ್ಲಿ ಅಲಂಕಾರಕ್ಕೆಂದು ಮಾರುವ ಲೋಳೆಸರದ ಬೇರೆ ಜಾತಿಗಳೂ ಇವೆ. ಅವು ಕುಂಡದಲ್ಲೇ ಚಂದ, ಬಾಯಿಗೆ ಬೇಡ. ಮಲಯಾಳಂ ಬಲ್ಲ ನಮ್ಮ ಗಡಿನಾಡಿನವರು ‘ಕಟ್ಟಾರ್‌ವಾಳ’ ಎಂದು ಕರೆಯುವುದು ಲೋಳೆಸರವನ್ನೇ, ಅದರಲ್ಲಿ ಗೊಂದಲವಿಲ್ಲ.

ಎಲೆಯೊಳಗೆ ಎರಡು ದ್ರವ

ಲೋಳೆಸರದ ವಿಷಯದಲ್ಲಿ ಇದೊಂದನ್ನು ಮರೆಯಬಾರದು. ಎಲೆಯೊಳಗೆ ಇರುವುದು ಒಂದು ರಸವಲ್ಲ, ಎರಡು. ನಡುವೆ ಇರುವ ತಿಳಿ ಲೋಳೆ ಒಂದು. ಸಿಪ್ಪೆಗೆ ಅಂಟಿಕೊಂಡು ಒಳಬದಿಯಲ್ಲಿ ಹರಿಯುವ ಹಳದಿ ಬಣ್ಣದ ಕಹಿ ಹಾಲು ಇನ್ನೊಂದು. ಆ ಹಳದಿ ಹಾಲಿನಲ್ಲಿ ಅಲೋಯಿನ್ ಎಂಬ ಅಂಶ ಇದೆ. ಅದು ಬಲವಾದ ಭೇದಿ ತರಿಸುವ ವಸ್ತು. ಗಟ್ಟಿಯಾಗಿ ಒಣಗಿಸಿದ ಇದೇ ಹಾಲು ಗ್ರಂಥಿಗೆ ಅಂಗಡಿಯಲ್ಲಿ ಕಪ್ಪು ತುಂಡಾಗಿ ಸಿಗುತ್ತದೆ. ಉರ್ದುವಿನಲ್ಲಿ ಮುಸಬ್ಬರ, ಮಲಯಾಳಂನಲ್ಲಿ ಚೆನ್ನಿನಾಯಕಂ. ಮಗುವಿಗೆ ಎದೆಹಾಲು ಬಿಡಿಸಲು ಇದನ್ನು ಅರೆದು ತಾಯಿಯ ಎದೆಗೆ ಹಚ್ಚುವ ಪದ್ಧತಿ ಹಳಬರಿಗೆ ಗೊತ್ತು. ಕಹಿ ತಾಗಿ ಮಗು ಮುಖ ತಿರುಗಿಸುತ್ತದೆ ನಿಜ. ಆದರೆ ನೆಕ್ಕಿದಷ್ಟು ಹೊಟ್ಟೆಗೂ ಹೋಗುತ್ತದೆ, ಅದು ಭೇದಿಯ ಮದ್ದು ಎಂಬುದು ನೆನಪಿರಲಿ. ಎದೆಹಾಲು ಬಿಡಿಸಲು ಬೇರೆ ದಾರಿಗಳಿವೆ. ಮನೆಯ ಹಿರಿಯರು ಒತ್ತಾಯಿಸಿದರೂ ಇದನ್ನು ಬಿಟ್ಟುಬಿಡುವುದು ಒಳ್ಳೆಯದು.

ಈ ಹಳದಿ ಹಾಲಿನ ಬಗ್ಗೆ ಹೊರದೇಶಗಳಲ್ಲೂ ಎಚ್ಚರಿಕೆ ಬಂದಿದೆ. ಡಾಕ್ಟರ ಚೀಟಿಯಿಲ್ಲದೆ ಮಾರುವ ಮಲಬದ್ಧತೆಯ ಔಷಧಿಗಳಲ್ಲಿ ಇದನ್ನು ಬಳಸುವುದಕ್ಕೆ ಅಮೆರಿಕದ ಎಫ್‌ಡಿಎ 2002ರಲ್ಲಿ ತಡೆ ಹಾಕಿತು. ಸುರಕ್ಷಿತ ಎಂದು ತೋರಿಸಲು ಬೇಕಾದಷ್ಟು ಮಾಹಿತಿ ಅದಕ್ಕೆ ಸಿಕ್ಕಿರಲಿಲ್ಲ. ಸಿಪ್ಪೆ, ಹಾಲು, ಲೋಳೆ ಎಲ್ಲವನ್ನೂ ಸೇರಿಸಿ ಅರೆದ ಇಡೀ ಎಲೆಯ ಸಾರವನ್ನು ಕುಡಿಯುವ ನೀರಿನಲ್ಲಿ ಎರಡು ವರ್ಷ ಕೊಟ್ಟಾಗ ಇಲಿಗಳ ದೊಡ್ಡ ಕರುಳಿನಲ್ಲಿ ಗಡ್ಡೆಗಳು ಕಂಡವು. ಆ ಬಳಿಕ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇಡೀ ಎಲೆಯ ಸಾರವನ್ನು ‘ಮನುಷ್ಯರಲ್ಲಿ ಕ್ಯಾನ್ಸರ್ ತರುವ ಸಾಧ್ಯತೆ ಇರಬಹುದಾದ’ ವಸ್ತುಗಳ ಪಟ್ಟಿಗೆ ಸೇರಿಸಿತು. ಇದನ್ನು ಓದಿ ಗಿಡ ಕಿತ್ತು ಎಸೆಯಬೇಕಾಗಿಲ್ಲ. ತೊಳೆದ ತಿಳಿ ಲೋಳೆಯ ಮಾತು ಬೇರೆ. ಆದರೆ ‘ಇಡೀ ಎಲೆ ಮಿಕ್ಸಿಗೆ ಹಾಕಿ ಖಾಲಿ ಹೊಟ್ಟೆಗೆ ಕುಡಿಯಿರಿ’ ಎಂದು ವಾಟ್ಸಪ್‌ನಲ್ಲಿ ಬರುವ ಸಂದೇಶವನ್ನು ಮುಂದಕ್ಕೆ ಕಳಿಸಬೇಡಿ.

ಕೊಯ್ಯುವುದು, ತೊಳೆಯುವುದು

ಎಳೆ ಎಲೆ ಕೊಯ್ಯಬೇಡಿ. ಎರಡು ಮೂರು ವರ್ಷದ ಗಿಡದ ಹೊರಸುತ್ತಿನ, ಬುಡದಲ್ಲಿರುವ ದಪ್ಪ ಎಲೆಯೇ ಒಳ್ಳೆಯದು. ಬುಡದ ಬಿಳಿ ಭಾಗ ಸೇರುವಂತೆ, ಕಾಂಡಕ್ಕೆ ಹತ್ತಿರದಲ್ಲಿ ಒಂದೇ ಸಲ ಕತ್ತರಿಸಬೇಕು. ಆ ಬಿಳಿ ಬುಡ ಉಳಿದರೆ ಒಳಗಿನ ತಿರುಳು ತೆರೆದುಕೊಳ್ಳುವುದಿಲ್ಲ, ಎಲೆ ಜಾಸ್ತಿ ದಿನ ಬಾಳುತ್ತದೆ. ಒಂದು ಸಲಕ್ಕೆ ಒಂದು ಗಿಡದಿಂದ ಎರಡು ಮೂರಕ್ಕಿಂತ ಹೆಚ್ಚು ಎಲೆ ತೆಗೆದರೆ ಗಿಡ ಸೊರಗುತ್ತದೆ.

ಕೊಯ್ದ ಕೂಡಲೇ ಎಲೆಯನ್ನು ಒಂದು ಲೋಟದಲ್ಲೋ ಪಾತ್ರೆಯಲ್ಲೋ ಕತ್ತರಿಸಿದ ಬದಿ ಕೆಳಗಾಗುವಂತೆ ಓರೆಯಾಗಿ ನಿಲ್ಲಿಸಿ. ಹತ್ತು ಹದಿನೈದು ನಿಮಿಷದಲ್ಲಿ ಹಳದಿ ಹಾಲು ಇಳಿದು ತಳದಲ್ಲಿ ನಿಲ್ಲುತ್ತದೆ. ಬೆವರು, ಈರುಳ್ಳಿ ಎರಡೂ ಸೇರಿದಂಥ ಒಂದು ವಾಸನೆ ಅದಕ್ಕೆ. ಬಟ್ಟೆಗೆ ತಾಗಿದರೆ ಕಲೆ ಹೋಗುವುದು ಕಷ್ಟ, ಬಿಳಿ ಅಂಗಿ ಹಾಕಿಕೊಂಡು ಈ ಕೆಲಸಕ್ಕೆ ಕೂರಬೇಡಿ.

ಆಮೇಲೆ ಎಲೆ ತೊಳೆದು, ಎರಡೂ ಬದಿಯ ಮುಳ್ಳಿನ ಅಂಚು ಸೀಳಿ ತೆಗೆದು, ಚಪ್ಪಟೆ ಬದಿಯ ಸಿಪ್ಪೆ ಎಬ್ಬಿಸಿ, ತಿರುಳನ್ನು ಚಮಚದಲ್ಲಿ ಕೆರೆದುಕೊಳ್ಳಬೇಕು. ಸಿಪ್ಪೆಗೆ ತಾಗಿದ ಕೊನೆಯ ಪದರವನ್ನೂ ಬಿಡದೆ ಕೆರೆಯುವ ಆಸೆ ಬೇಡ, ಕಹಿ ಇರುವುದು ಅಲ್ಲೇ. ಇನ್ನೊಂದು ಮಾತು: ಲೋಳೆ ತಾಗಿದ ಕೈಯಿಂದ ಚೂರಿ ಜಾರುತ್ತದೆ. ಎಲೆಯನ್ನು ಅಂಗೈಯಲ್ಲಿ ಹಿಡಿದು ಸೀಳಬೇಡಿ. ಮಣೆಯ ಮೇಲಿಟ್ಟು, ಹಳೆಯ ಬೈರಾಸಿನ ತುಂಡಿನಿಂದ ಒತ್ತಿ ಹಿಡಿದು ಸೀಳಿ.

ತಿರುಳನ್ನು ತೊಳೆಯುವ ವಿಷಯದಲ್ಲಿ ತಮಿಳರ ಮನೆಮಾತು ಒಂದಿದೆ: ಏಳು ಸಲ ನೀರು ಬದಲಾಯಿಸಿ ತೊಳೆಯಬೇಕು. ಏಳು ಎನ್ನುವುದೇನೂ ಕಾಯಿದೆಯಲ್ಲ. ನೀರಿನಲ್ಲಿ ಹಳದಿ ಕಾಣದವರೆಗೆ, ನಾಲಿಗೆ ತುದಿಗೆ ತಾಗಿಸಿದರೆ ಕಹಿ ಸಿಗದವರೆಗೆ ತೊಳೆಯಬೇಕು ಎಂಬುದನ್ನು ಅವರು ಎಣಿಕೆಯಲ್ಲಿ ಹೇಳಿದ್ದಾರೆ. ಕಹಿ ಉಳಿದಿದ್ದರೆ ಹಾಲು ಉಳಿದಿದೆ ಎಂದೇ ಲೆಕ್ಕ. ಹಳದಿ ಅಂಶ ಕೆಲವರ ಚರ್ಮಕ್ಕೂ ಆಗುವುದಿಲ್ಲ, ಆದ್ದರಿಂದ ಮುಖಕ್ಕೆ ಹಚ್ಚುವುದಾದರೂ ತೊಳೆದೇ ಹಚ್ಚಿ.

ಎಷ್ಟು ದಿನ ಇಡಬಹುದು

ಕತ್ತರಿಸದ ಇಡೀ ಎಲೆಯನ್ನು ಹಾಲು ಇಳಿಸಿ, ಬುಡ ಒಣಗಲು ಬಿಟ್ಟು, ಕಾಗದದಲ್ಲಿ ಸುತ್ತಿ ಫ್ರಿಡ್ಜ್‌ನ ತರಕಾರಿ ಡಬ್ಬದಲ್ಲಿಟ್ಟರೆ ಒಂದು ವಾರದಿಂದ ಹತ್ತು ದಿನ ಚೆನ್ನಾಗಿರುತ್ತದೆ. ಒಣ ಸೀಮೆಯವರು ಹೊರಗೇ ನಾಲ್ಕೈದು ದಿನ ಇಡುತ್ತಾರೆ. ನಮ್ಮಲ್ಲಿ ಬೇಸಗೆಯಾದರೆ ಎರಡು ಮೂರು ದಿನ, ಮಳೆಗಾಲದಲ್ಲಿ ಹೊರಗಿಡುವ ಮಾತೇ ಬೇಡ. ಪ್ಲಾಸ್ಟಿಕ್ ತೊಟ್ಟೆಯೊಳಗೆ ಬಿಗಿಯಾಗಿ ಕಟ್ಟಿದರೆ ಒಳಗೆ ಬೆವರಿ ಬೇಗ ಕೊಳೆಯುತ್ತದೆ. ಅರ್ಧ ಬಳಸಿ ಅರ್ಧ ಉಳಿಸಿದ ಎಲೆಯಾದರೆ ಕತ್ತರಿಸಿದ ಬಾಯಿಯನ್ನು ಮಾತ್ರ ಪ್ಲಾಸ್ಟಿಕ್ ಹಾಳೆಯಲ್ಲಿ ಮುಚ್ಚಿ ಡಬ್ಬಿಯಲ್ಲಿಡಿ, ಮೂರು ನಾಲ್ಕು ದಿನದೊಳಗೆ ಮುಗಿಸಿ. ಮತ್ತೆ ತೆಗೆದಾಗ ಕತ್ತರಿಸಿದ ಜಾಗದಿಂದ ಒಂದು ಬೆರಳಷ್ಟು ಕೊಯ್ದು ಬಿಸಾಡಿ.

ಬಿಡಿಸಿದ ತಿರುಳು ಬಹಳ ನಾಜೂಕು. ಅಡುಗೆಮನೆಯ ಕಟ್ಟೆಯ ಮೇಲೆ ಎರಡು ಗಂಟೆಗಿಂತ ಜಾಸ್ತಿ ಇರಬಾರದು. ಕುದಿನೀರಲ್ಲಿ ತೊಳೆದು ಒಣಗಿಸಿದ ಗಾಜಿನ ಬಾಟಲಿಯಲ್ಲಿ ಹಾಕಿ ಫ್ರಿಡ್ಜ್‌ನಲ್ಲಿಟ್ಟರೆ ಮೂರು ನಾಲ್ಕು ದಿನ. ಸ್ವಲ್ಪ ಲಿಂಬೆರಸ ಬೆರೆಸಿದರೆ ಬಣ್ಣ ಕೆಡುವುದು ನಿಧಾನವಾಗುತ್ತದೆ, ಆದರೆ ಅದು ಮುಖಕ್ಕೆ ಹಚ್ಚುವ ತಿರುಳಾದರೆ ಲಿಂಬೆ ಹಾಕಬೇಡಿ, ಉರಿಯುತ್ತದೆ. ತಿರುಳು ನಸುಗೆಂಪು ಅಥವಾ ಕಂದು ಬಣ್ಣಕ್ಕೆ ತಿರುಗಿ ಹುಳಿ ವಾಸನೆ ಬಂದರೆ, ನೊರೆ ಕಂಡರೆ ಮತ್ತೆ ಯೋಚನೆ ಬೇಡ, ಗಿಡದ ಬುಡಕ್ಕೆ ಸುರಿಯಿರಿ. ಅಂಗಡಿಯ ಜೆಲ್ ವರ್ಷಗಟ್ಟಲೆ ಇರುತ್ತದಲ್ಲ ಅಂತ ಕೇಳುವವರಿದ್ದಾರೆ. ಅದರಲ್ಲಿ ಕೆಡದಂತೆ ಕಾಯುವ ರಾಸಾಯನಿಕ ಇರುತ್ತದೆ, ನಿಮ್ಮ ಬಾಟಲಿಯಲ್ಲಿ ಇಲ್ಲ.

ಜಾಸ್ತಿ ಎಲೆ ಸಿಕ್ಕಿದರೆ ಐಸ್ ಟ್ರೇ ಉಪಯೋಗಕ್ಕೆ ಬರುತ್ತದೆ. ತೊಳೆದ ತಿರುಳನ್ನು ಮಿಕ್ಸಿಯಲ್ಲಿ ಒಂದು ಸುತ್ತು ತಿರುಗಿಸಿ ಟ್ರೇಯಲ್ಲಿ ಹಾಕಿ ಫ್ರೀಜರ್‌ನಲ್ಲಿಡಿ. ಗಟ್ಟಿಯಾದ ತುಂಡುಗಳನ್ನು ಮುಚ್ಚಳದ ಡಬ್ಬಿಗೆ ಹಾಕಿ ತಾರೀಕು ಬರೆದಿಟ್ಟರೆ ಐದಾರು ತಿಂಗಳು ಬರುತ್ತದೆ. ಕರಗಿದಾಗ ನೀರುನೀರಾಗುತ್ತದೆ, ಅದು ಕೆಟ್ಟದ್ದಲ್ಲ. ಆದರೆ ಕರಗಿಸಿದ್ದನ್ನು ಮತ್ತೆ ಫ್ರೀಜರ್‌ಗೆ ಹಾಕಬಾರದು. ದಿನವಿಡೀ ಕರೆಂಟ್ ಕೈಕೊಡುವ ಊರಿನವರು ಈ ದಾರಿಯನ್ನು ಹೆಚ್ಚು ನಂಬಬೇಡಿ.

ಫ್ರಿಡ್ಜ್ ಇಲ್ಲದ ಕಾಲದ ದಾರಿ ಎಣ್ಣೆ. ತಲೆಗೆ ಹಚ್ಚುವ ಎಣ್ಣೆಯನ್ನು ಕರಾವಳಿಯಲ್ಲಿ ಹಿಂದಿನಿಂದಲೂ ಹೀಗೇ ಕಾಯಿಸುತ್ತಾರೆ. ಒಂದು ಲೋಟ ತಿರುಳಿಗೆ ಎರಡು ಲೋಟ ತೆಂಗಿನೆಣ್ಣೆ, ಬೇಕಿದ್ದರೆ ಒಂದು ಹಿಡಿ ಕರಿಬೇವು, ಒಂದು ಚಮಚ ಮೆಂತ್ಯೆ. ಎಲ್ಲವನ್ನೂ ತಣ್ಣಗಿರುವಾಗಲೇ ದಪ್ಪ ತಳದ ಬಾಣಲೆಗೆ ಹಾಕಿ ಸಣ್ಣ ಉರಿಯಲ್ಲಿ ಇಡಬೇಕು. ಕಾದ ಎಣ್ಣೆಗೆ ತಿರುಳು ಸುರಿದರೆ ಅದು ಮುಖಕ್ಕೇ ಸಿಡಿಯುತ್ತದೆ, ಮಕ್ಕಳನ್ನಂತೂ ಹತ್ತಿರ ಬಿಡಬೇಡಿ. ಮೊದಲು ಜೋರಾಗಿ ಚಟಪಟ ಶಬ್ದ ಬರುತ್ತದೆ. ನೀರು ಹೋಗುತ್ತಿದೆ ಎಂದು ಅದರ ಅರ್ಥ. ಶಬ್ದ ಪೂರ್ತಿ ನಿಂತು, ತಿರುಳಿನ ಚೂರು ಗರಿಗರಿಯಾಗಿ ತಳ ಸೇರಿದ ಮೇಲೆ ಇಳಿಸಿ, ಆರಿಸಿ, ಒಣ ಬಟ್ಟೆಯಲ್ಲಿ ಸೋಸಿ. ಅವಸರ ಮಾಡಿ ಶಬ್ದ ನಿಲ್ಲುವ ಮೊದಲೇ ಇಳಿಸಿದರೆ ಉಳಿದ ನೀರಿನಿಂದಾಗಿ ಎಣ್ಣೆ ಕೆಲವೇ ವಾರದಲ್ಲಿ ಕಮಟು ಹಿಡಿಯುತ್ತದೆ. ಸರಿಯಾಗಿ ಕಾಯಿಸಿದ್ದು ಒಣ ಬಾಟಲಿಯಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಕೂದಲು ಹೊಸದಾಗಿ ಹುಟ್ಟುತ್ತದೆ ಎಂಬ ಭರವಸೆ ಮಾತ್ರ ನಾನು ಕೊಡಲಾರೆ. ಒರಟು ಕೂದಲು ಮೆದುವಾಗುತ್ತದೆ, ಅಷ್ಟು ಸಾಕಲ್ಲ?

ಚರ್ಮಕ್ಕೆ ಹಚ್ಚುವಾಗ

ಮೊದಲ ಸಲ ಹಚ್ಚುವವರು ಮೊಣಕೈಯ ಒಳಬದಿಯಲ್ಲಿ ಸ್ವಲ್ಪ ಹಚ್ಚಿ ಒಂದು ದಿನ ಕಾಯಿರಿ. ಕೆಂಪಾಗದಿದ್ದರೆ, ತುರಿಸದಿದ್ದರೆ ಮುಂದುವರಿಸಿ. ಬಿಸಿಲಿಗೆ ಕಂದಿದ ಚರ್ಮಕ್ಕೆ, ಒಣಗಿ ಒಡೆದ ಕೈಗೆ ಫ್ರಿಡ್ಜ್‌ನಿಂದ ತೆಗೆದ ತಣ್ಣನೆ ತಿರುಳು ಹಿತ ಕೊಡುತ್ತದೆ. ಇಪ್ಪತ್ತು ನಿಮಿಷ ಬಿಟ್ಟು ತೊಳೆದರೆ ಆಯಿತು. ಕಣ್ಣಿಗೆ ಯಾವ ಕಾರಣಕ್ಕೂ ಬಿಡಬಾರದು.

ಅಡುಗೆಮನೆಯಲ್ಲಿ ಕೈ ಸುಟ್ಟರೆ ಲೋಳೆಸರ ಹುಡುಕಿ ಅಂಗಳಕ್ಕೆ ಓಡುವುದಲ್ಲ. ಮೊದಲು ನಳ್ಳಿಯ ಹರಿಯುವ ನೀರಿನಡಿ ಇಪ್ಪತ್ತು ನಿಮಿಷ ಹಿಡಿಯಬೇಕು. ಬರೀ ಕೆಂಪಾಗಿದ್ದರೆ, ಚರ್ಮ ಹರಿಯದಿದ್ದರೆ ಆಮೇಲೆ ತೊಳೆದ ತಿರುಳು ಹಚ್ಚಬಹುದು. ಬೊಬ್ಬೆ ಎದ್ದಿದ್ದರೆ, ಚರ್ಮ ಸುಲಿದಿದ್ದರೆ, ಸುಟ್ಟದ್ದು ಅಂಗೈಗಿಂತ ದೊಡ್ಡದಿದ್ದರೆ, ಮುಖಕ್ಕೆ ಅಥವಾ ಸಣ್ಣ ಮಗುವಿಗೆ ತಾಗಿದ್ದರೆ ಏನನ್ನೂ ಹಚ್ಚದೆ ಆಸ್ಪತ್ರೆಗೆ ಹೋಗಿ. ಮನೆಯ ಎಲೆ ಎಷ್ಟು ತೊಳೆದರೂ ಕ್ರಿಮಿರಹಿತ ಅಲ್ಲ.

ಸಿಸೇರಿಯನ್ ಆದ ಬಾಣಂತಿಯರಿಗೆ ‘ಹೊಲಿಗೆ ಬೇಗ ಮಾಯಲಿ’ ಎಂದು ಲೋಳೆಸರ ಹಚ್ಚಲು ಹೇಳುವವರಿದ್ದಾರೆ. 1991ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸಿಸೇರಿಯನ್ ಮತ್ತು ಹೊಟ್ಟೆಯ ಶಸ್ತ್ರಚಿಕಿತ್ಸೆಯ ಬಳಿಕ ಕೂಡದೆ ತೆರೆದುಕೊಂಡ ಗಾಯಗಳಿಗೆ ಲೋಳೆಸರದ ಜೆಲ್ ಹಚ್ಚಿ ನೋಡಿದ್ದರು. ಸಾಮಾನ್ಯ ಆರೈಕೆಯಲ್ಲಿ ಸರಾಸರಿ 53 ದಿನದಲ್ಲಿ ಮಾಯ್ದ ಗಾಯ ಜೆಲ್ ಹಚ್ಚಿದವರಲ್ಲಿ 83 ದಿನ ತೆಗೆದುಕೊಂಡಿತು. ಚಿಕ್ಕ ಅಧ್ಯಯನ, ಆದರೂ ಹೊಲಿಗೆಯ ಮೇಲೆ ಪ್ರಯೋಗ ಮಾಡದಿರಲು ಇಷ್ಟು ಸಾಕು.

ಕುಡಿಯುವವರಿಗೆ

ತಮಿಳುನಾಡಿನ ಊರುಗಳಲ್ಲಿ ಬೆಳಿಗ್ಗೆ ವಾಕಿಂಗ್ ಹೋಗುವವರಿಗೆಂದೇ ಗಾಡಿಯಲ್ಲಿ ಲೋಳೆಸರದ ಮಜ್ಜಿಗೆ ಮಾರುತ್ತಾರೆ. ಮನೆಯಲ್ಲೂ ಮಾಡಬಹುದು: ಚೆನ್ನಾಗಿ ತೊಳೆದ ತಿರುಳು ಒಂದೆರಡು ಚಮಚ, ಒಂದು ಲೋಟ ಮಜ್ಜಿಗೆ, ಉಪ್ಪು, ಶುಂಠಿ ಚೂರು, ಕೊತ್ತಂಬರಿ ಸೊಪ್ಪು. ಆಗಲೇ ಮಾಡಿ ಆಗಲೇ ಕುಡಿಯಬೇಕು. ಆರೋಗ್ಯವಂತರು ಬೇಸಗೆಯಲ್ಲಿ ಯಾವಾಗಲಾದರೊಮ್ಮೆ ಕುಡಿದರೆ ತೊಂದರೆಯಿಲ್ಲ. ಗಾಡಿಯಲ್ಲಿ ಕುಡಿಯುವುದಾದರೆ ಅವರು ತಿರುಳು ತೊಳೆಯುವ ಬಕೆಟ್‌ನ ನೀರನ್ನು ಒಮ್ಮೆ ನೋಡಿ, ಆಮೇಲೆ ಲೋಟ ಹಿಡಿಯಿರಿ.

ಗರ್ಭಿಣಿಯರು, ಹಾಲುಣಿಸುವ ತಾಯಂದಿರು, ಹನ್ನೆರಡು ವರ್ಷದೊಳಗಿನ ಮಕ್ಕಳು, ಕಿಡ್ನಿ ತೊಂದರೆ ಅಥವಾ ಕರುಳಿನ ಕಾಯಿಲೆ ಇರುವವರು ಕುಡಿಯಬಾರದು. ಇನ್ನು ಶುಗರ್. ನಮ್ಮ ಮನೆಗಳಲ್ಲಿ ಶುಗರ್ ಮಾತ್ರೆ ನುಂಗುವ ಉಮ್ಮ ಅಥವಾ ಬಾಪ ಇಲ್ಲದ ಮನೆ ಕಡಿಮೆ. ಲೋಳೆಸರ ಸಕ್ಕರೆ ಇಳಿಸುತ್ತದೆ ಎಂದು ಕೇಳಿ ಮಾತ್ರೆಯ ಜೊತೆಗೇ ದಿನಾ ಕುಡಿದರೆ ಸಕ್ಕರೆ ಬೇಕಾದ್ದಕ್ಕಿಂತ ಕೆಳಗೆ ಹೋಗಿ ತಲೆಸುತ್ತು, ಬೆವರು ಬರಬಹುದು. ಮಾತ್ರೆ ಬಿಟ್ಟು ಲೋಳೆಸರ ಒಂದನ್ನೇ ನಂಬುವುದಂತೂ ಇನ್ನೂ ಅಪಾಯ. ಹೃದಯಕ್ಕೆ ಡಿಗಾಕ್ಸಿನ್, ಬಿಪಿಗೆ ಮೂತ್ರ ಹೋಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಹಳದಿ ಹಾಲಿನಿಂದ ಆಗುವ ಭೇದಿಯೇ ಕೆಡುಕು. ರಕ್ತದಲ್ಲಿ ಪೊಟ್ಯಾಸಿಯಂ ಇಳಿದರೆ ಹೃದಯದ ಬಡಿತ ತಪ್ಪುತ್ತದೆ. ಆಪರೇಶನ್‌ಗೆ ತಾರೀಕು ಸಿಕ್ಕಿದವರು ಎರಡು ವಾರ ಮೊದಲೇ ನಿಲ್ಲಿಸಿ, ಕುಡಿಯುತ್ತಿದ್ದ ವಿಷಯ ಡಾಕ್ಟರಿಗೆ ಹೇಳಿ. ‘ಅದು ಮದ್ದಲ್ಲವಲ್ಲ, ಗಿಡ’ ಅಂತ ಮುಚ್ಚಿಡುವವರೇ ಹೆಚ್ಚು.

ಮಳೆಗಾಲದಲ್ಲಿ ಗಿಡ

ಎಲೆ ತಾಜಾ ಬೇಕೆಂದರೆ ಫ್ರಿಡ್ಜ್‌ಗಿಂತ ಗಿಡದಲ್ಲೇ ಇಡುವುದು ಮೇಲು. ಆದರೆ ತಾರಮಂಗಲಂನ ಒಣ ನೆಲದಲ್ಲಿ ಯಾರೂ ಕಣ್ಣೆತ್ತಿ ನೋಡದಿದ್ದರೂ ಬೆಳೆಯುವ ಗಿಡ ನಮ್ಮ ಜೂನ್-ಜುಲೈಯಲ್ಲಿ ಬುಡ ಕೊಳೆತು ಮಗುಚಿ ಬೀಳುತ್ತದೆ. ನೆಲದಲ್ಲಿ ನೆಡದೆ ಮಣ್ಣಿನ ಕುಂಡದಲ್ಲಿ ನೆಡಿ. ಅರ್ಧ ಮಣ್ಣು, ಅರ್ಧ ಹೊಯ್ಗೆ ಮತ್ತು ಕೆಂಪುಕಲ್ಲಿನ ಚೂರು. ತಳದ ತೂತು ಮುಚ್ಚಿರಬಾರದು. ಮಳೆ ಹಿಡಿಯುವ ಮೊದಲು ಕುಂಡವನ್ನು ಸಿಟೌಟ್‌ಗೋ ಮಾಡಿನಡಿಗೋ ತಂದಿಡಿ. ಬೆಳಕು ಬೀಳಬೇಕು, ಹನಿ ಬೀಳಬಾರದು. ಆ ಮೂರು ತಿಂಗಳು ನೀರು ಹಾಕುವ ಅಗತ್ಯವೇ ಇಲ್ಲ ಎನ್ನಬಹುದು. ಎಲೆ ತೆಳ್ಳಗಾಗಿ ಒಳಕ್ಕೆ ಮಡಚಿದರೆ ಮಾತ್ರ ಅರ್ಧ ಲೋಟ ಹಾಕಿ.

ಬುಡ ಕೊಳೆಯಲು ಶುರುವಾಗಿದ್ದರೂ ಗಿಡ ಉಳಿಸಬಹುದು. ಕಿತ್ತು, ಕೊಳೆತದ್ದನ್ನೆಲ್ಲ ಕತ್ತರಿಸಿ, ಗಾಳಿಯಾಡುವ ನೆರಳಿನಲ್ಲಿ ಒಂದು ವಾರ ಹಾಗೇ ಮಣ್ಣಿಲ್ಲದೆ ಇಡಿ. ಸೇಲಂನವರು ಬಾಗಿಲಿಗೆ ಕಟ್ಟುವ ಗಿಡ ಬದುಕುವುದೂ ಹೀಗೇ ತಾನೆ. ಗಾಯ ಒಣಗಿದ ಮೇಲೆ ಒಣ ಹೊಯ್ಗೆಯಲ್ಲಿ ನೆಟ್ಟರೆ ಹೊಸ ಬೇರು ಬಿಡುತ್ತದೆ. ಚೆನ್ನಾಗಿರುವ ಗಿಡದ ಸುತ್ತ ಮರಿಗಳು ಏಳುತ್ತವೆ. ಗೇಣುದ್ದ ಆದ ಮೇಲೆ ಬೇರು ಸಮೇತ ಬಿಡಿಸಿ ಬೇರೆ ಕುಂಡಕ್ಕೆ ಹಾಕಿ, ಕೇಳಿದ ನೆರೆಮನೆಯವರಿಗೂ ಒಂದು ಕೊಡಿ. ಕೊಡುವಾಗ ಆ ಹಳದಿ ಹಾಲಿನ ವಿಷಯವನ್ನೂ ಹೇಳಿಬಿಡಿ.